ಸಮನ್ಸ್ ನಿಜವಾಗಿ ತಲುಪಿತೇ? ಏಕಪಕ್ಷೀಯ ಡಿಕ್ರಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ

ಕೋರ್ಟಿನ ಸಮನ್ಸ್ ಕೈಗೆ ತೆಗೆದುಕೊಳ್ಳದಿದ್ದರೆ ಕೇಸು ಮುಂದಕ್ಕೆ ಹೋಗುವುದಿಲ್ಲ ಅಂತ ನಂಬಿದವರು ಈಗಲೂ ಬಹಳ ಜನ ಇದ್ದಾರೆ. ಓದಿದವರಲ್ಲೂ ಇದ್ದಾರೆ. ಪೋಸ್ಟ್‌ಮ್ಯಾನ್ ತಂದ ಕವರನ್ನು ಬೇಡ ಅಂತ ವಾಪಸ್ ಕಳಿಸುತ್ತಾರೆ. ಸಮನ್ಸ್ ಜಾರಿ ಮಾಡುವ ಕೋರ್ಟ್ ನೌಕರ, ಅಂದರೆ ಅಮೀನ, ಬಂದರೆ ಮನೆಯಲ್ಲಿಲ್ಲ ಅಂತ ಹೇಳಿಸುತ್ತಾರೆ. ಅಲ್ಲಿಗೆ ಪೀಡೆ ಕಳೆಯಿತು ಎಂದುಕೊಳ್ಳುತ್ತಾರೆ.

ಕಾನೂನು ಇದಕ್ಕೆ ಪೂರ್ತಿ ಉಲ್ಟಾ ಇದೆ. ಸಮನ್ಸ್ ಬೇಡ ಎಂದರೆ ಅದು ತಲುಪಿದೆ ಎಂದೇ ಲೆಕ್ಕ. ಕೇಸು ನಿಲ್ಲುವುದಿಲ್ಲ, ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ. ವಾದಿ ತನ್ನ ಕಥೆ ಹೇಳುತ್ತಾನೆ, ತನ್ನ ದಾಖಲೆ ಗುರುತು ಮಾಡಿಸುತ್ತಾನೆ. ಪಾಟಿ ಸವಾಲು ಕೇಳುವವರು ಯಾರೂ ಇಲ್ಲ. ಕೊನೆಗೆ ಒಂದು ಡಿಕ್ರಿ, ಅಂದರೆ ಕೋರ್ಟಿನ ತೀರ್ಮಾನದ ಆದೇಶ, ಆಗುತ್ತದೆ. ಏಕಪಕ್ಷೀಯ ಡಿಕ್ರಿ ಎಂದರೆ ಇದೇ. ಕೋರ್ಟ್ ಆವರಣದಲ್ಲಿ ಎಲ್ಲರೂ 'ಎಕ್ಸ್‌ಪಾರ್ಟಿ ಆಯ್ತು' ಅನ್ನುವುದು ಇದಕ್ಕೇ.

ಎದುರಾಳಿ ಇಲ್ಲದೆ ಆದ ಡಿಕ್ರಿ ಅಲ್ವಾ, ಅದಕ್ಕೆ ಅಷ್ಟು ಬೆಲೆ ಇರಲಿಕ್ಕಿಲ್ಲ ಎನ್ನುವುದು ಎರಡನೇ ತಪ್ಪು ತಿಳಿವಳಿಕೆ. ವರ್ಷಗಟ್ಟಲೆ ಎರಡೂ ಕಡೆ ವಾದ ಮಾಡಿ ಬಂದ ಡಿಕ್ರಿಗೂ ಇದಕ್ಕೂ ಬಲದಲ್ಲಿ ವ್ಯತ್ಯಾಸ ಇಲ್ಲ. ಡಿಕ್ರಿಯನ್ನು ಜಾರಿ ಮಾಡಿಸಲು, ಅಂದರೆ ಅಮಲ್ಜಾರಿ ಅರ್ಜಿ ಹಾಕಲು, ವಾದಿಗೆ 12 ವರ್ಷ ಸಮಯವಿದೆ. ಆಸ್ತಿ ಜಪ್ತಿ ಮಾಡಿಸಬಹುದು, ಸಂಬಳದ ಒಂದು ಭಾಗ ಹಿಡಿಸಬಹುದು, ಜಾಗದ ಸ್ವಾಧೀನ ಪಡೆಯಬಹುದು. ಅದೇ ವಿಷಯ ಹಿಡಿದು ನಾಳೆ ನೀವು ಹೊಸ ದಾವೆ ಹಾಕಲು ಹೋದರೆ, ಇದು ಆಗಲೇ ತೀರ್ಮಾನವಾಗಿದೆ ಎಂದು ಈ ಡಿಕ್ರಿಯೇ ನಿಮಗೆ ಅಡ್ಡ ಬರುತ್ತದೆ.

ಹಾಗಂತ ಏಕಪಕ್ಷೀಯ ಡಿಕ್ರಿ ಅನ್ನುವುದೇ ಇರಬಾರದು ಎನ್ನಲು ಆಗುವುದಿಲ್ಲ. ಅದು ಇಲ್ಲದೇ ಹೋದರೆ ಸಾಲ ವಾಪಸ್ ಕೊಡದವನು, ಬಾಡಿಗೆ ಕಟ್ಟದೆ ಮನೆ ಬಿಡದವನು ಸುಮ್ನೆ ಕೋರ್ಟಿಗೆ ಬರದೆ ಕೂತರೆ ಸಾಕು, ಗೆದ್ದ ಹಾಗೆ. ವಾದಿಯ ಹಕ್ಕು ಎದುರಾಳಿಯ ಮರ್ಜಿಗೆ ಬಿದ್ದುಹೋಗುತ್ತದೆ. ಆದ್ದರಿಂದ ಈ ವ್ಯವಸ್ಥೆ ಬೇಕು. ಆದರೆ ಇದು ನ್ಯಾಯವಾಗಿರಬೇಕಾದರೆ ಒಂದು ಷರತ್ತು ಇದೆ. ಪ್ರತಿವಾದಿಗೆ ನಿಜವಾಗಿ ಕರೆ ಹೋಗಿರಬೇಕು. ಕರೆ ಹೋಗಿಯೂ ಬರದವನ ಮೇಲೆ ಆದ ಡಿಕ್ರಿ ಬೇರೆ, ಕರೆಯೇ ಹೋಗದವನ ಮೇಲೆ ಆದದ್ದು ಬೇರೆ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ತೊಂದರೆ ಇರುವುದು ಅಲ್ಲೇ.

ಅಮೀನ ಬರೆಯುವ ಷರಾ

ಸಮನ್ಸ್ ಜಾರಿ ಮಾಡಲು ಹೋದವರು ವಾಪಸ್ ಬಂದು ಅದರ ಹಿಂದೆ ಒಂದು ಷರಾ ಬರೆಯುತ್ತಾರೆ. ಎರಡು ಮೂರು ಸಾಲು, ಅಷ್ಟೇ. 'ಪ್ರತಿವಾದಿ ಮನೆಯಲ್ಲಿರಲಿಲ್ಲ, ಬಾಗಿಲಿಗೆ ಅಂಟಿಸಿದೆ.' 'ತೆಗೆದುಕೊಳ್ಳಲು ನಿರಾಕರಿಸಿದರು.' 'ಅಣ್ಣನವರಿಗೆ ಕೊಟ್ಟು ಸಹಿ ಪಡೆದಿದೆ.' ಮುಂದೆ ಬರುವ ಡಿಕ್ರಿಯ ಇಡೀ ಭಾರ ಹೊರುವುದು ಈ ಎರಡು ಮೂರು ಸಾಲು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ವಕೀಲರ ಬಾಯಲ್ಲಿ ಸಿಪಿಸಿ, ಈ ಷರಾ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅದರಲ್ಲಿ ಅಧ್ಯಾಯದಂಥ ಭಾಗಕ್ಕೆ ಆರ್ಡರ್ ಎಂದೂ, ಅದರೊಳಗಿನ ನಿಯಮಕ್ಕೆ ರೂಲ್ ಎಂದೂ ಹೆಸರು. ಆರ್ಡರ್ 5 ಪೂರ್ತಿ ಸಮನ್ಸ್ ಜಾರಿಗೇ ಮೀಸಲು. ಸಾಧ್ಯವಾದಷ್ಟೂ ಪ್ರತಿವಾದಿಯ ಕೈಗೇ ಕೊಡಬೇಕು. ಅವರು ಮನೆಯಲ್ಲಿಲ್ಲ, ಸದ್ಯಕ್ಕೆ ಬರುವ ಹಾಗೂ ಇಲ್ಲ ಎಂದಾದರೆ ಮಾತ್ರ ಅವರ ಜೊತೆ ವಾಸ ಮಾಡುವ ವಯಸ್ಕ ಸದಸ್ಯರಿಗೆ ಕೊಡಬಹುದು. ಗಂಡಸಾಗಲಿ ಹೆಂಗಸಾಗಲಿ, ಅಡ್ಡಿ ಇಲ್ಲ. ಆದರೆ ಮನೆ ಕೆಲಸದವರು ಕುಟುಂಬದವರಲ್ಲ ಎಂದು ರೂಲ್ 15 ಬಿಡಿಸಿ ಹೇಳಿದೆ.

'ಜೊತೆ ವಾಸ ಮಾಡುವ' ಎನ್ನುವ ಮಾತಿನ ಮೇಲೆ ಎಷ್ಟು ನಿಂತಿದೆ ನೋಡಿ. ಪಾಲಿನ ದಾವೆಯ ಉದಾಹರಣೆ ಇಟ್ಟುಕೊಳ್ಳೋಣ. ಅಣ್ಣ ತಮ್ಮಂದಿರ ನಡುವೆ ಜಮೀನಿನ ತಕರಾರು. ಮದುವೆಯಾಗಿ ಬೇರೆ ಊರಿನಲ್ಲಿರುವ ತಂಗಿಯನ್ನೂ ಪ್ರತಿವಾದಿ ಮಾಡಿರುತ್ತಾರೆ, ವಿಳಾಸ ಮಾತ್ರ ತವರು ಮನೆಯದ್ದು. ಸಮನ್ಸ್ ತವರು ಮನೆಗೆ ಹೋಗುತ್ತದೆ. ಅಲ್ಲಿರುವ ಅಣ್ಣ ಸಹಿ ಹಾಕಿ ತೆಗೆದುಕೊಳ್ಳುತ್ತಾನೆ. ತಂಗಿಯ ಪಾಲು ಎಷ್ಟು ಕಡಿಮೆಯಾದರೆ ಅವನಿಗೆ ಅಷ್ಟು ಲಾಭ. ಅವನು ಆ ಕಾಗದವನ್ನು ಅವಳಿಗೆ ಯಾಕೆ ಕಳಿಸುತ್ತಾನೆ? ಷರಾದಲ್ಲಿ ಮಾತ್ರ 'ಕುಟುಂಬದ ಸದಸ್ಯರ ಮೂಲಕ ಜಾರಿಯಾಗಿದೆ' ಎಂದು ಇರುತ್ತದೆ. ಅಣ್ಣ ಅವಳ ಜೊತೆ ವಾಸ ಮಾಡುತ್ತಿಲ್ಲ, ಆದ್ದರಿಂದ ರೂಲ್ 15ರ ಪ್ರಕಾರ ಇದು ಜಾರಿಯೇ ಅಲ್ಲ. ಆದರೆ ಯಾರಾದರೂ ಕೇಳಿದರೆ ತಾನೇ ಅದು ಗೊತ್ತಾಗುವುದು? ಅವಳು ಗೈರು ಎಂದು ಬರೆದು ಕೇಸು ಮುಂದೆ ಹೋಗುತ್ತದೆ. ಪ್ರಾಥಮಿಕ ಡಿಕ್ರಿ ಆಗಿ, ಪಾಲು ಬೇರೆ ಮಾಡಿಕೊಡುವ ಅಂತಿಮ ಡಿಕ್ರಿ ಪ್ರಕ್ರಿಯೆ (ಎಫ್‌ಡಿಪಿ) ನಡೆದು, ಸರ್ವೆಯವರು ಜಮೀನು ಅಳೆಯಲು ಬಂದಾಗ ಯಾರೋ ಸಂಬಂಧಿಕರ ಬಾಯಿಂದ ಸುದ್ದಿ ಅವಳ ಕಿವಿಗೆ ಬೀಳುತ್ತದೆ.

ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತವರದ್ದೂ ಇದೇ ಕಥೆ. ಸಾಲದ ಫಾರಮ್ಮಿನಲ್ಲಿ ಬರೆದ ವಿಳಾಸ ಎಷ್ಟೋ ವರ್ಷ ಹಳೆಯದು. ಬಾಡಿಗೆ ಮನೆ ಬದಲಾಗಿರುತ್ತದೆ, ದಾವೆಯಲ್ಲಿ ಅದೇ ಹಳೆ ವಿಳಾಸ ಇರುತ್ತದೆ. ಕಾನೂನಿನಲ್ಲಿ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಇರುವುದರಿಂದ ಏಟು ಪೂರ್ತಿ ಅವನಿಗೇ ಬೀಳಬಹುದು.

ಮನೆಗೆ ಬೀಗ ಇದ್ದರೆ ಏನು? ರೂಲ್ 17ರ ಪ್ರಕಾರ ಅಮೀನ ಸರಿಯಾಗಿ ಪ್ರಯತ್ನ ಮಾಡಿ, ಪ್ರತಿವಾದಿ ಹತ್ತಿರದ ದಿನಗಳಲ್ಲಿ ಸಿಗುವ ಹಾಗಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ ಮಾತ್ರ ಹೊರ ಬಾಗಿಲಿಗೆ ಪ್ರತಿ ಅಂಟಿಸಬಹುದು. ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ಒಂದೇ ಸಲ ಬಂದು, ಬೀಗ ನೋಡಿ, ಅಂಟಿಸಿ ಹೋಗುವುದು ಈ ರೂಲ್ ಹೇಳಿದ ಕೆಲಸ ಅಲ್ಲ. ಅಂಟಿಸಿದ ಮೇಲೆ ವರದಿಯಲ್ಲಿ ಯಾವ ಸಂದರ್ಭದಲ್ಲಿ ಅಂಟಿಸಿದೆ, ಮನೆ ಗುರುತಿಸಿ ತೋರಿಸಿದವರು ಯಾರು, ಯಾರ ಎದುರು ಅಂಟಿಸಿದೆ ಎಂದು ಹೆಸರು ವಿಳಾಸದ ಸಮೇತ ಬರೆಯಬೇಕು.

ಅದಾದ ಮೇಲೆ ರೂಲ್ 19 ಬರುತ್ತದೆ. ನನ್ನ ಪ್ರಕಾರ ಇಡೀ ಆರ್ಡರ್ 5ರಲ್ಲಿ ಅತಿ ಮುಖ್ಯವಾದದ್ದು ಇದೇ, ಜನ ಅತಿ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ. ಹಾಗೆ ಅಂಟಿಸಿ ವಾಪಸ್ ಬಂದ ಸಮನ್ಸಿನ ಜೊತೆ ಅಮೀನನ ಅಫಿಡವಿಟ್ ಇಲ್ಲದಿದ್ದರೆ ಕೋರ್ಟು ಅವನನ್ನು ಪ್ರಮಾಣ ಮಾಡಿಸಿ ವಿಚಾರಿಸಲೇಬೇಕು. ಅಫಿಡವಿಟ್ ಇದ್ದರೂ ವಿಚಾರಿಸಬಹುದು. ಆಮೇಲೆ ಸಮನ್ಸ್ ಸರಿಯಾಗಿ ಜಾರಿಯಾಗಿದೆ ಎಂದು ನ್ಯಾಯಾಧೀಶರು ಘೋಷಿಸಬೇಕು, ಇಲ್ಲವೇ ಮತ್ತೆ ಜಾರಿ ಮಾಡಲು ಹೇಳಬೇಕು. ಅಂದರೆ ಷರಾ ತನ್ನಷ್ಟಕ್ಕೆ ತಾನೇ ಸಾಕ್ಷಿ ಆಗುವುದಿಲ್ಲ. ಅದರ ಮೇಲೆ ನ್ಯಾಯಾಧೀಶರ ಮನಸ್ಸು ಓಡಬೇಕು. ಒಂದೇ ದಿನ ಪಟ್ಟಿಯಲ್ಲಿ ರಾಶಿ ಕೇಸುಗಳಿರುವಾಗ 'ಕೂಗಿಸಲಾಯಿತು, ಗೈರು, ಏಕಪಕ್ಷೀಯವಾಗಿ ಇಡಲಾಗಿದೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಈ ಕೆಲಸ ಆಗುವುದಿಲ್ಲ.

ಅಂಚೆಯದ್ದು ಬೇರೆ ಲೆಕ್ಕ. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಗಳ ನಂತರ ಅಂಚೆಯ ಜೊತೆಗೆ ಕೊರಿಯರ್, ಇಮೇಲ್ ಮೂಲಕವೂ ಸಮನ್ಸ್ ಕಳಿಸಬಹುದು. ಕವರ್ ನಿರಾಕರಿಸಿದ್ದಾರೆ ಎಂದು ಬರೆದು ಬಂದರೆ ಜಾರಿಯಾಗಿದೆ ಎಂದೇ ಘೋಷಣೆ ಆಗುತ್ತದೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದು, 30 ದಿನದಲ್ಲಿ ಸ್ವೀಕೃತಿ ಚೀಟಿ ವಾಪಸ್ ಬರದಿದ್ದರೂ ಹಾಗೇ ಘೋಷಿಸಲು ಅವಕಾಶ ಇದೆ. ಇಲ್ಲಿ ಎಲ್ಲವೂ ನಿಂತಿರುವುದು 'ಸರಿಯಾದ ವಿಳಾಸ' ಎನ್ನುವುದರ ಮೇಲೆ. ಆ ವಿಳಾಸ ಕೊಡುವವನು ವಾದಿ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಇಮೇಲ್ ಜೊತೆಗೆ ವಾಟ್ಸಾಪ್‌ನಂಥ ಮೆಸೇಜಿನಲ್ಲೂ ನೋಟಿಸ್, ಸಮನ್ಸ್ ಕಳಿಸಲು ಸುಪ್ರೀಂ ಕೋರ್ಟ್ ಅನುವು ಮಾಡಿಕೊಟ್ಟಿತು. ಅನುಕೂಲವೇನೋ ಹೌದು. ಆದರೆ ಫೋನ್ ನಂಬರ್ ಕೊಡುವವನೂ ವಾದಿಯೇ.

ಯಾವ ದಾರಿಯೂ ಆಗದಿದ್ದರೆ ಕೊನೆಯದು ಪೇಪರ್ ಪ್ರಕಟಣೆ. ಪ್ರತಿವಾದಿ ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಅಥವಾ ಮಾಮೂಲಿ ರೀತಿಯಲ್ಲಿ ಜಾರಿ ಆಗುವುದಿಲ್ಲ ಎಂದು ಕೋರ್ಟಿಗೆ ಮನವರಿಕೆ ಆದಾಗ ಮಾತ್ರ ಇದು. ಅವನು ಕೊನೆಯದಾಗಿ ವಾಸವಿದ್ದ ಜಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲೇ ಹಾಕಿಸಬೇಕು. ಕೋರ್ಟ್ ನೋಟಿಸುಗಳ ಕಾಲಮ್ಮನ್ನು ದಿನಾ ಓದುವವರು ಎಷ್ಟು ಜನ ಇದ್ದಾರೆ, ಹೇಳಿ. ಕಾನೂನಿಗೂ ಇದು ಗೊತ್ತು. ಹಾಗಾಗಿಯೇ ಮುಂದೆ ಒಂದು ಕಡೆ ಅದು ಪ್ರತಿವಾದಿಯ ಕೈ ಹಿಡಿಯುತ್ತದೆ. ಅದಕ್ಕೆ ಬರುತ್ತೇನೆ.

ಬರದವನ ಪರವಾಗಿ ಕೇಳಬೇಕಾದವರು

ಪ್ರತಿವಾದಿ ಬರಲಿಲ್ಲ ಎಂದ ಮಾತ್ರಕ್ಕೆ ವಾದಿ ಗೆದ್ದ ಎಂದಲ್ಲ. ಇದನ್ನು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಪ್ರತಿವಾದಿ ತನ್ನ ಉತ್ತರವನ್ನು, ಅಂದರೆ ಲಿಖಿತ ಹೇಳಿಕೆಯನ್ನು, ಸಲ್ಲಿಸಲು ಸಮನ್ಸ್ ತಲುಪಿದ ದಿನದಿಂದ 30 ದಿನ, ಕಾರಣ ಕೊಟ್ಟರೆ 90 ದಿನದವರೆಗೆ ಸಮಯ. ಸಾಮಾನ್ಯ ದಾವೆಗಳಲ್ಲಿ ಈ 90 ದಿನ ಕಲ್ಲಿನಲ್ಲಿ ಕೆತ್ತಿದ್ದಲ್ಲ, ತೀರಾ ಅಗತ್ಯ ಇದ್ದರೆ ಕೋರ್ಟು ಇನ್ನೂ ಸಮಯ ಕೊಡಬಹುದು ಎಂದು 2005ರಲ್ಲಿ ತೀರ್ಪು ಬಂತು. ವಾಣಿಜ್ಯ ದಾವೆಗಳಲ್ಲಿ ಆ ಸಡಿಲ ಇಲ್ಲ. 120 ದಿನ ದಾಟಿದರೆ ಹಕ್ಕು ಹೋಯಿತು ಎಂದು 2019ರಲ್ಲಿ ಖಚಿತವಾಗಿ ಹೇಳಿದ್ದಾರೆ.

ಲಿಖಿತ ಹೇಳಿಕೆ ಬರದಿದ್ದಾಗ ಕೋರ್ಟು ವಾದಪತ್ರದ ಮೇಲೇ ತೀರ್ಪು ಕೊಡಬಹುದು ಎಂದು ಆರ್ಡರ್ 8 ರೂಲ್ 10 ಹೇಳುತ್ತದೆ. ಕೊಡಬಹುದು, ಕೊಡಲೇಬೇಕೆಂದಿಲ್ಲ. ವಾದಪತ್ರ ಓದಿದಾಗಲೇ ಪ್ರಶ್ನೆ ಏಳುವ ಹಾಗಿದ್ದರೆ ಕುರುಡಾಗಿ ಡಿಕ್ರಿ ಕೊಡಬಾರದು, ವಾದಿಯಿಂದ ಸಾಕ್ಷ್ಯ ಕೇಳಬೇಕು ಎಂದು 1999ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. 2012ರಲ್ಲಿ ಕರ್ನಾಟಕದಿಂದ ಹೋದ ಒಂದು ಪಾಲಿನ ದಾವೆಯಲ್ಲೂ ಅದನ್ನೇ ಹೇಳಿ, ಕೇಸನ್ನು ಮತ್ತೆ ವಿಚಾರಣೆಗೆ ಕಳಿಸಿತು. 2014ರ ಇನ್ನೊಂದು ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರತಿವಾದಿ ಇಲ್ಲದಿದ್ದಾಗ ವಿಚಾರಣಾ ಕೋರ್ಟಿನ ಹೊಣೆ ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ ಎನ್ನುವುದು ಅದರ ತಿರುಳು. ಡಿಕ್ರಿ ಜಾರಿ ಮಾಡುವ ಕೋರ್ಟಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ ಎಂದು ಅದು ಸೇರಿಸಿತು.

ಇದು ಸರಿಯಾದ ಮಾತು. ಎದುರು ವಕೀಲರಿದ್ದರೆ ಸಾಲದ ಪತ್ರದ ಮೇಲಿನ ಸಹಿ ಯಾರದ್ದು, ಬಡ್ಡಿ ಯಾವ ಲೆಕ್ಕದಲ್ಲಿ ಹಾಕಿದ್ದೀರಿ, ದಾವೆ ಕಾಲಮಿತಿಯೊಳಗೆ ಇದೆಯಾ ಎಂದು ಕೇಳುತ್ತಿದ್ದರು. ಯಾರೂ ಇಲ್ಲದಾಗ ಆ ಮೂರು ಪ್ರಶ್ನೆಯನ್ನು ಪೀಠದಲ್ಲಿ ಕೂತವರೇ ಕೇಳಬೇಕು. ಕಾಲಮಿತಿಯನ್ನಂತೂ ಪ್ರತಿವಾದಿ ಎತ್ತದಿದ್ದರೂ ಕೋರ್ಟು ನೋಡಲೇಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ತಡವಾಗಿ ಬಂದವನಿಗೂ ಜಾಗ ಇದೆ

ಬಹಳ ಜನ ಇಲ್ಲಿ ಎಡವುತ್ತಾರೆ. ಕೇಸು ಎಕ್ಸ್‌ಪಾರ್ಟಿ ಇಟ್ಟಿದ್ದಾರೆ ಅಂತ ಗೊತ್ತಾದ ತಕ್ಷಣ ಎಲ್ಲಾ ಮುಗಿಯಿತು ಎಂದು ಕೈ ಚೆಲ್ಲುತ್ತಾರೆ. ಎಕ್ಸ್‌ಪಾರ್ಟಿ ಇಡುವುದು ಬೇರೆ, ಎಕ್ಸ್‌ಪಾರ್ಟಿ ಡಿಕ್ರಿ ಬೇರೆ. ಮೊದಲನೆಯದು ಆ ದಿನದ ಆದೇಶ. ಎರಡನೆಯದು ಕೇಸಿನ ಅಂತ್ಯ. ಎರಡರ ನಡುವೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಅಂತರ ಇರುತ್ತದೆ. ಆ ಅವಧಿಯಲ್ಲಿ ಯಾವ ವಾಯಿದೆಗಾದರೂ ಬಂದು, ಹಿಂದೆ ಬರದಿದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ, ಮೊದಲಿನಿಂದಲೂ ಹಾಜರಿದ್ದ ಹಾಗೆ ಕೇಸು ನಡೆಸಲು ಆರ್ಡರ್ 9 ರೂಲ್ 7ರಲ್ಲಿ ಅವಕಾಶ ಇದೆ. ಕೋರ್ಟು ಖರ್ಚು ಹಾಕಬಹುದು. ಕಟ್ಟಿಬಿಡುವುದು ಲೇಸು.

ಕಾರಣ ಸಾಲದು ಎಂದು ಅರ್ಜಿ ವಜಾ ಆದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. 1955ರಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಬರೆದ ತೀರ್ಪು ಇಂದಿಗೂ ಈ ವಿಷಯದಲ್ಲಿ ಆಧಾರ. ಹಿಂದೆ ನಡೆದದ್ದನ್ನು ಮತ್ತೆ ತೆರೆಯಲು ಆಗದೇ ಹೋಗಬಹುದು, ಆದರೆ ಕೇಸು ಯಾವ ಹಂತದಲ್ಲಿದೆಯೋ ಅಲ್ಲಿಂದ ಮುಂದೆ ಭಾಗವಹಿಸುವ ಹಕ್ಕು ಪ್ರತಿವಾದಿಗೆ ಇದ್ದೇ ಇರುತ್ತದೆ. ಉಳಿದ ಸಾಕ್ಷಿಗಳನ್ನು ಪಾಟಿ ಸವಾಲು ಮಾಡಬಹುದು, ವಾದ ಮಂಡಿಸಬಹುದು. ವಿಚಾರಣೆ ಮುಗಿದು ತೀರ್ಪಿಗೆ ಕಾದಿರಿಸಿದ ಮೇಲೆ ಮಾತ್ರ ರೂಲ್ 7 ಕೆಲಸಕ್ಕೆ ಬರುವುದಿಲ್ಲ. ಇದು 1963ರ ತೀರ್ಪು. ಆದ್ದರಿಂದ ಸುದ್ದಿ ತಿಳಿದ ದಿನವೇ ವಕೀಲರ ಹತ್ತಿರ ಓಡಬೇಕು. ಮುಂದಿನ ವಾಯಿದೆ ಹತ್ತಿರ ಬರಲಿ ಎಂದು ಕಾಯಬಾರದು.

ಡಿಕ್ರಿಯೇ ಆಗಿಹೋಗಿದ್ದರೆ ಆರ್ಡರ್ 9 ರೂಲ್ 13. ಡಿಕ್ರಿ ಕೊಟ್ಟ ಕೋರ್ಟಿಗೇ ಅರ್ಜಿ. ಎರಡರಲ್ಲಿ ಒಂದನ್ನು ತೋರಿಸಬೇಕು. ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲ ಎಂದು, ಅಥವಾ ಕೇಸು ಕೂಗಿದ ದಿನ ಬರಲು ಆಗದ ಹಾಗೆ ತಕ್ಕ ಕಾರಣ ಇತ್ತು ಎಂದು. ಆ ಎರಡನೆಯದರಲ್ಲಿ ನೋಡಬೇಕಾದದ್ದು ಗೈರಾದ ಆ ದಿನದ ಕಾರಣವನ್ನು, ಅದಕ್ಕೆ ಮುಂಚೆ ಯಾವಾಗಲೋ ಮಾಡಿದ ಅಸಡ್ಡೆಯನ್ನಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಸ್ಪತ್ರೆಯಲ್ಲಿದ್ದೆ ಎಂದರೆ ಆ ದಿನಾಂಕದ ಕಾಗದ ಬೇಕು. ಸುಮ್ನೆ ಒಂದು ಸರ್ಟಿಫಿಕೇಟ್ ತಂದರೆ ಎದುರಿನ ವಕೀಲರು ಅದನ್ನು ಬರೆದ ಡಾಕ್ಟರನ್ನೇ ಕರೆಸಿ ಎಂದು ಕೇಳುತ್ತಾರೆ.

ಸಮಯ ಎಷ್ಟು? 1963ರ ಲಿಮಿಟೇಷನ್ ಕಾಯ್ದೆಯ 123ನೇ ವಿಧಿ 30 ದಿನ ಕೊಡುತ್ತದೆ. ಸಮನ್ಸ್ ಸರಿಯಾಗಿ ತಲುಪಿದ್ದರೆ ಡಿಕ್ರಿ ಆದ ದಿನದಿಂದ. ತಲುಪದೇ ಇದ್ದರೆ ಡಿಕ್ರಿ ಆಗಿದೆ ಎಂದು ಗೊತ್ತಾದ ದಿನದಿಂದ. ಪೇಪರ್ ಪ್ರಕಟಣೆಯ ವಿಷಯಕ್ಕೆ ಬರುತ್ತೇನೆ ಎಂದೆನಲ್ಲ, ಅದು ಇಲ್ಲಿ. ಪ್ರಕಟಣೆ ಮೂಲಕ ಮಾಡಿದ ಜಾರಿಯನ್ನು ಈ ವಿಧಿಯ ಮಟ್ಟಿಗೆ ಸರಿಯಾದ ಜಾರಿ ಎಂದು ಎಣಿಸುವ ಹಾಗಿಲ್ಲ ಎಂದು ಅದರ ವಿವರಣೆಯಲ್ಲೇ ಬರೆದಿದೆ. ಅಂದರೆ ಪೇಪರಿನಲ್ಲಿ ಮಾತ್ರ ಕರೆದು ಡಿಕ್ರಿ ಮಾಡಿಸಿಕೊಂಡಿದ್ದರೆ, ನಿಮಗೆ ತಿಳಿದ ದಿನದಿಂದ 30 ದಿನ. ತಡವಾದರೆ ಅದೇ ಕಾಯ್ದೆಯ ಸೆಕ್ಷನ್ 5ರಲ್ಲಿ ವಿಳಂಬ ಮನ್ನಾ ಕೇಳಬಹುದು. ಆದರೆ ತಿಳಿದ ದಿನ ಯಾವುದು ಎನ್ನುವುದೇ ದೊಡ್ಡ ಜಗಳ ಆಗುತ್ತದೆ. ಅಮಲ್ಜಾರಿ ನೋಟಿಸ್ ಬಂದ ಕವರನ್ನು, ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದ ರಸೀದಿಯನ್ನು ಜೋಪಾನ ಮಾಡಿ.

ಪ್ರತಿವಾದಿಗೆ ಕೈ ಹಿಡಿದ ಹಾಗೇ ವಾದಿಗೂ ಒಂದು ರಕ್ಷಣೆ ಇದೆ. 1976ರ ತಿದ್ದುಪಡಿಯಲ್ಲಿ ಸೇರಿದ್ದು. ಜಾರಿಯಲ್ಲಿ ಏನೋ ಸಣ್ಣ ಲೋಪ ಇದ್ದರೂ, ಪ್ರತಿವಾದಿಗೆ ವಿಚಾರಣೆಯ ದಿನಾಂಕ ಗೊತ್ತಿತ್ತು, ಬರಲು ಸಾಕಷ್ಟು ಸಮಯವೂ ಇತ್ತು ಎಂದಾದರೆ, ಆ ಲೋಪ ಒಂದನ್ನೇ ಹಿಡಿದು ಡಿಕ್ರಿ ರದ್ದು ಮಾಡುವ ಹಾಗಿಲ್ಲ. ಇದು ಇರಬೇಕಾದದ್ದೇ. ಎಲ್ಲಾ ಗೊತ್ತಿದ್ದೂ ಕೂತು, ಜಪ್ತಿಗೆ ಬಂದಾಗ ಸಮನ್ಸೇ ಬಂದಿಲ್ಲ ಎಂದು ಕೈ ಮುಗಿಯುವವರೂ ಕಡಿಮೆ ಇಲ್ಲ. ವಾದಿ ಅಷ್ಟೂ ವರ್ಷ ಕಾದು, ಖರ್ಚು ಮಾಡಿ, ಮತ್ತೆ ಮೊದಲ ಮೆಟ್ಟಿಲಿಗೆ ಬಂದು ನಿಲ್ಲುವ ಕಷ್ಟ ಸಣ್ಣದಲ್ಲ.

ರೂಲ್ 13 ಬಿಟ್ಟು ಮೇಲ್ಮನವಿ ಹಾಕುವ ದಾರಿಯೂ ಇದೆ. ಅಲ್ಲಿ ಡಿಕ್ರಿಯ ಹುರುಳೇ ತಪ್ಪು ಎಂದು ವಾದಿಸಬಹುದು. ಎರಡನ್ನೂ ಒಟ್ಟಿಗೆ ನಡೆಸಬಹುದು. ಆದರೆ ಒಂದು ಹಳ್ಳ ಇದೆ. ಮೇಲ್ಮನವಿ ಮೊದಲು ತೀರ್ಮಾನವಾಗಿಬಿಟ್ಟರೆ, ಅದನ್ನು ನೀವೇ ವಾಪಸ್ ಪಡೆದಿದ್ದ ಹೊರತು, ರೂಲ್ 13ರ ಅರ್ಜಿ ಬಿದ್ದುಹೋಗುತ್ತದೆ. ರೂಲ್ 13ರ ಅರ್ಜಿ ವಜಾ ಆದರೆ ಮೇಲ್ಮನವಿ ಉಳಿಯುತ್ತದೆ, ಆದರೆ ತನ್ನನ್ನು ಎಕ್ಸ್‌ಪಾರ್ಟಿ ಇಟ್ಟದ್ದೇ ತಪ್ಪು ಎನ್ನುವ ವಾದವನ್ನು ಅಲ್ಲಿ ಎತ್ತಲಾಗದು. ವಜಾ ಆದೇಶದ ಮೇಲೇ ಬೇರೆ ಮೇಲ್ಮನವಿ ಹಾಕಿಕೊಳ್ಳಬೇಕು.

ಇನ್ನೊಂದು ವಿಷಯ ಯಾರೂ ಮರೆಯಬಾರದು. ಅರ್ಜಿ ಹಾಕಿದ ಮಾತ್ರಕ್ಕೆ ಅಮಲ್ಜಾರಿ ನಿಲ್ಲುವುದಿಲ್ಲ. ತಡೆಯಾಜ್ಞೆ ಬೇರೆ ಕೇಳಬೇಕು. ಡಿಕ್ರಿ ರದ್ದಾದರೆ ಕೊಟ್ಟದ್ದು ವಾಪಸ್ ಪಡೆಯಲು ಸಿಪಿಸಿಯ ಸೆಕ್ಷನ್ 144 ಇದೆ, ನಿಜ. ಆದರೆ ಅಷ್ಟರಲ್ಲಿ ಮನೆ ಹರಾಜಾಗಿ, ಕೇಸಿಗೆ ಸಂಬಂಧವಿಲ್ಲದ ಮೂರನೆಯವರು ಕೊಂಡಿದ್ದರೆ, ಅವರ ಹಕ್ಕನ್ನು ಕೋರ್ಟುಗಳು ಸಾಮಾನ್ಯವಾಗಿ ಕಾಪಾಡುತ್ತವೆ. ನಿಮಗೆ ದುಡ್ಡು ಸಿಗಬಹುದು, ಮನೆ ಸಿಗದೇ ಹೋಗಬಹುದು.

ವಕೀಲರು ಬರದೇ ಹೋದರೆ

ವಕಾಲತ್ತು ಹಾಕಿಸಿ, ಫೀಸು ಕೊಟ್ಟು, ಇನ್ನು ಅವರು ನೋಡಿಕೊಳ್ಳುತ್ತಾರೆ ಎಂದು ಊರಿಗೆ ಹೋದವರ ಮೇಲೂ ಡಿಕ್ರಿ ಆಗುತ್ತದೆ. ವಕೀಲರ ತಪ್ಪಿಗೆ ಕಕ್ಷಿದಾರನನ್ನು ಶಿಕ್ಷಿಸಬಾರದು ಎಂದು 1981ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂಥವರ ದುಃಖ ಅರ್ಥ ಮಾಡಿಕೊಂಡೇ. ಹಳ್ಳಿಯಿಂದ ಬರುವವನು ವಕೀಲರನ್ನು ನೇಮಿಸಿದ ಮೇಲೆ ಇನ್ನೇನು ಮಾಡಬೇಕು ಎನ್ನುವ ಪ್ರಶ್ನೆ ಆ ತೀರ್ಪಿನ ಒಡಲಲ್ಲಿದೆ. ಆದರೆ ಇದನ್ನು ಎಲ್ಲಾ ಕಡೆ ನಡೆಯುವ ನಾಣ್ಯ ಎಂದು ತಿಳಿಯಬೇಡಿ. ವರ್ಷಗಟ್ಟಲೆ ಕೇಸಿನ ಕಡೆ ತಲೆಯೇ ಹಾಕದವರಿಗೆ ಕೋರ್ಟುಗಳು ಈ ರಿಯಾಯಿತಿ ಕೊಡುವುದು ಕಡಿಮೆ.

ಬೇರೆ ದೇಶಗಳ ಅನುಭವ

ಅಮೆರಿಕದಲ್ಲಿ ಇದು ದೊಡ್ಡ ಸಾಮಾಜಿಕ ಸಮಸ್ಯೆಯೇ ಆಗಿದೆ. ಅಲ್ಲಿನ ಫೆಡರಲ್ ನಿಯಮ 55ರ ಪ್ರಕಾರ, ಬಾಕಿ ಮೊತ್ತ ಲೆಕ್ಕ ಹಾಕಿ ಖಚಿತವಾಗಿ ಹೇಳಬಹುದಾದದ್ದಾದರೆ, ನ್ಯಾಯಾಧೀಶರ ಬಳಿಗೇ ಹೋಗದೆ ಕೋರ್ಟಿನ ಗುಮಾಸ್ತರೇ ಡಿಕ್ರಿ ದಾಖಲಿಸಬಹುದು. ಸಾಲ ವಸೂಲಿ ಕಂಪನಿಗಳು ರಾಶಿ ರಾಶಿ ಕೇಸು ಹಾಕುತ್ತವೆ. ಅಂಕಿ ಅಂಶ ಸಿಕ್ಕ ಕಡೆಗಳಲ್ಲಿ ಸಾಲ ವಸೂಲಿ ದಾವೆಗಳ ಪೈಕಿ ಶೇ 70ಕ್ಕೂ ಹೆಚ್ಚು ಹೀಗೇ ಏಕಪಕ್ಷೀಯವಾಗಿ ಮುಗಿದಿವೆ ಎಂದು ಅಲ್ಲಿನ ಸಂಶೋಧನಾ ಸಂಸ್ಥೆ ಪ್ಯೂ 2020ರಲ್ಲಿ ವರದಿ ಮಾಡಿತು. ಸಮನ್ಸನ್ನು ಎಲ್ಲೋ ಬಿಸಾಡಿ, ಕೊಟ್ಟೆ ಎಂದು ಸುಳ್ಳು ಅಫಿಡವಿಟ್ ಹಾಕುವ ಚಾಳಿಯೂ ಅಲ್ಲಿ ಬೆಳೆದಿತ್ತು. 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಇಂಥ ಸುಮಾರು 1 ಲಕ್ಷ ತೀರ್ಪುಗಳನ್ನು ರದ್ದು ಮಾಡಿ ಎಂದು ಕೋರ್ಟಿಗೆ ಹೋಗಬೇಕಾಯಿತು.

ಇಂಗ್ಲೆಂಡಿನದ್ದು ಇನ್ನೊಂದು ದಾರಿ. ಅಲ್ಲಿ 14 ದಿನದಲ್ಲಿ ಉತ್ತರ ಬರದಿದ್ದರೆ ತೀರ್ಪು ಕೇಳಬಹುದು. ಬೇಗ ಆಗುತ್ತದೆ, ಆದರೆ ರದ್ದು ಮಾಡಿಸುವಾಗ ಕೇಳುವ ಪ್ರಶ್ನೆ ಬೇರೆ. ನಿಮ್ಮ ವಾದದಲ್ಲಿ ಗೆಲ್ಲುವ ಸತ್ವ ಇದೆಯಾ ಎಂದು ಮುಖ್ಯವಾಗಿ ನೋಡುತ್ತಾರೆ. ನಮ್ಮ ರೂಲ್ 13ರಲ್ಲಿ ಕೇಳುವುದು ಯಾಕೆ ಬರಲಿಲ್ಲ ಎಂದು ಮಾತ್ರ. ಹೇಳಿಕೊಳ್ಳಲು ಏನೂ ಇಲ್ಲದವನು ಒಂದು ಒಳ್ಳೆ ಕಾರಣ ತೋರಿಸಿ ಡಿಕ್ರಿ ರದ್ದು ಮಾಡಿಸಬಹುದು. ಗಟ್ಟಿ ವಾದ ಇದ್ದವನು ಕಾರಣ ಸಾಲದೆ ಮುಳುಗಬಹುದು. ಪ್ರಾಮಿಸರಿ ನೋಟಿನಂಥ ಬರಹದ ಮೇಲೆ ಬೇಗ ಮುಗಿಸುವ ಆರ್ಡರ್ 37ರ ಸಮ್ಮರಿ ದಾವೆಗಳಲ್ಲಿ ಮಾತ್ರ ನಮ್ಮಲ್ಲೂ ಎರಡನ್ನೂ ನೋಡುತ್ತಾರೆ. ಅಲ್ಲಿ ಹಾಜರಾಗಲು ಇರುವುದೇ 10 ದಿನ. ಪ್ರಾಮಿಸರಿ ನೋಟಿನ ಮೇಲೆ ಅಂಥ ಸಮನ್ಸ್ ಬಂದರೆ ಒಂದು ದಿನವೂ ಕಳೆಯಬಾರದು. ಸಾಮಾನ್ಯ ದಾವೆಗಳಲ್ಲೂ ಪ್ರತಿವಾದಿಯ ವಾದದ ಸತ್ವಕ್ಕೆ ಸ್ವಲ್ಪ ತೂಕ ಕೊಟ್ಟರೆ ಎರಡೂ ಕಡೆಯವರಿಗೆ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಆದರೆ ಅದಕ್ಕಿಂತ ಮೊದಲು ಸರಿಯಾಗಬೇಕಾದದ್ದು ಷರಾ. ಈಗ ಎಲ್ಲ ಕಸುವು ಹೋಗುತ್ತಿರುವುದು ಡಿಕ್ರಿ ಆದ ಮೇಲಿನ ಜಗಳಕ್ಕೆ. ಸಮನ್ಸ್ ಬಂದಿತ್ತೋ ಇಲ್ಲವೋ ಎಂದು ಹತ್ತು ವರ್ಷದ ನಂತರ, ಅಮೀನ ನಿವೃತ್ತನಾದ ಮೇಲೆ, ಸಾಕ್ಷಿ ಹೇಳಿದವರು ತೀರಿಕೊಂಡ ಮೇಲೆ ತೀರ್ಮಾನ ಮಾಡಬೇಕಾಗುತ್ತದೆ. ಅದೇ ಪ್ರಶ್ನೆಯನ್ನು ಎಕ್ಸ್‌ಪಾರ್ಟಿ ಇಡುವ ದಿನವೇ ಕೇಳಿದರೆ ಹತ್ತು ನಿಮಿಷದ ಕೆಲಸ. ಯಾರ ಕೈಗೆ ಕೊಟ್ಟಿದ್ದು, ಅವರಿಗೂ ಪ್ರತಿವಾದಿಗೂ ಏನು ಸಂಬಂಧ, ಅವರು ಅದೇ ಮನೆಯಲ್ಲಿ ಇದ್ದಾರಾ, ಅವರೂ ಇದೇ ಕೇಸಿನಲ್ಲಿ ಲಾಭ ಇರುವವರಾ? ಅಂಟಿಸಿದ್ದರೆ ಎಷ್ಟು ಸಲ, ಯಾವ ಹೊತ್ತಿಗೆ ಹೋಗಿದ್ದು? ಅಮೀನನ ಫೋನಿನಲ್ಲಿ ಬಾಗಿಲ ಫೋಟೋ, ಸಮಯ, ಜಾಗ ಎಲ್ಲಾ ದಾಖಲಾಗುವ ಕಾಲದಲ್ಲಿ ಇದನ್ನು ಷರಾ ಜೊತೆ ಕಡ್ಡಾಯ ಮಾಡಲು ಕಷ್ಟವೇನಿಲ್ಲ. ಪಾಲಿನ ದಾವೆಗಳಲ್ಲಿ ಮದುವೆಯಾದ ಹೆಣ್ಣುಮಕ್ಕಳ ಈಗಿನ ವಿಳಾಸವನ್ನು ವಾದಿ ಅಫಿಡವಿಟ್ ಮೇಲೆ ಕೊಡಬೇಕು, ತವರು ಮನೆ ವಿಳಾಸ ಮಾತ್ರ ಇದ್ದರೆ ಸಮನ್ಸ್ ಹೊರಡಿಸಬಾರದು ಎಂದು ಕೋರ್ಟುಗಳು ರೂಢಿ ಮಾಡಿಕೊಂಡರೆ ಎಷ್ಟೋ ಅನ್ಯಾಯ ಬಾಗಿಲಲ್ಲೇ ನಿಲ್ಲುತ್ತದೆ. ವಾದಿಯ ವಕೀಲರಿಗೂ ಇದರಲ್ಲಿ ಲಾಭ ಇದೆ. ಕೆಟ್ಟ ಜಾರಿಯ ಮೇಲೆ ಪಡೆದ ಡಿಕ್ರಿ ಎಂದು ಬೇಕಾದರೂ ಕುಸಿಯಬಹುದು.

ನಮ್ಮ ಹೆಸರಿನಲ್ಲಿ ಕೇಸು ಇದೆಯಾ ಎಂದು ತಿಳಿಯಲು ಈಗ ಕೋರ್ಟಿನವರೆಗೆ ಹೋಗಬೇಕಾಗಿಲ್ಲ. ಇ-ಕೋರ್ಟ್ಸ್ ವೆಬ್‌ಸೈಟ್‌ನಲ್ಲಿ, ಮೊಬೈಲ್ ಆ್ಯಪ್‌ನಲ್ಲಿ ಜಿಲ್ಲೆ, ಕೋರ್ಟು ಆರಿಸಿ ಪಕ್ಷಗಾರರ ಹೆಸರಿನಿಂದ ಹುಡುಕಬಹುದು. ಪ್ರತಿ ಕೇಸಿಗೂ 16 ಅಕ್ಷರ ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಅದು ಸಿಕ್ಕರೆ ಮುಂದಿನ ವಾಯಿದೆ ಯಾವತ್ತು, ಹಿಂದಿನ ವಾಯಿದೆಗಳಲ್ಲಿ ಏನಾಯಿತು ಎಂದು ಕಾಣುತ್ತದೆ. ಆಸ್ತಿ ತಕರಾರು ಇರುವವರು, ಯಾರದ್ದಾದರೂ ಸಾಲಕ್ಕೆ ಸಹಿ ಹಾಕಿದವರು ಆಗಾಗ ನೋಡುತ್ತಿರಬೇಕು. ವಕೀಲರ ಖರ್ಚಿಗೆ ಹೆದರಿ ಹಿಂದೆ ಸರಿಯುವವರು ಬಹಳ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ತವರು ಮನೆ ವಿಳಾಸಕ್ಕೆ ಹೋದ ಸಮನ್ಸಿನಿಂದ ಪಾಲು ಕಳೆದುಕೊಂಡ ಹೆಣ್ಣುಮಗಳು ಈ ನಂಬರಿಗೆ ಫೋನ್ ಮಾಡಿ, ತನಗೆ ಡಿಕ್ರಿಯ ಸುದ್ದಿ ತಿಳಿದ ದಿನಾಂಕವನ್ನೇ ಮೊದಲು ಹೇಳಬೇಕು. 30 ದಿನದ ಲೆಕ್ಕ ಅಲ್ಲಿಂದಲೇ ಶುರು.